ಬಾಲ್ಕನಿಯ ಹಾಗಲಬಳ್ಳಿ ಕಾಯಿ ಕಟ್ಟುತ್ತಿಲ್ಲವೇ? ಜೇನು, ಚಿಟ್ಟೆಗಳನ್ನು ಹೀಗೆ ಕರೆತನ್ನಿ

ಫ್ಲಾಟ್‌ನ ಬಾಲ್ಕನಿಯಲ್ಲಿ ಕೈತೋಟ ಮಾಡುವವರ ಸಾಮಾನ್ಯ ದೂರು ಇದು: ಹಾಗಲಬಳ್ಳಿ ತುಂಬಾ ಹೂ ಬಿಡುತ್ತದೆ, ಆದರೆ ಎಳೆಗಾಯಿ ಹಳದಿಯಾಗಿ ಉದುರಿ ಹೋಗುತ್ತದೆ. ಗೊಬ್ಬರ ಹಾಕಿದರೂ ಹೀಗೇ ಆಗುತ್ತಿದ್ದರೆ, ಪರಾಗಸ್ಪರ್ಶ ಆಗದಿರುವುದೇ ಕಾರಣವಿರಬಹುದು.

ಏಕೆ ಹೀಗಾಗುತ್ತದೆ?

ಹಾಗಲ, ಹೀರೆ, ಕುಂಬಳ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದು ಕೀಟಗಳ ಕೆಲಸ.

ಟೊಮೆಟೊ, ಬದನೆಯ ಕತೆ ಬೇರೆ. ಇವುಗಳ ಪರಾಗ ಕೊಳವೆಯಂಥ ಭಾಗದೊಳಗೆ ಇರುತ್ತದೆ. ಹೂ ಅಲುಗಿದರೆ ಮಾತ್ರ ಉದುರುತ್ತದೆ. ನೀಲಿ ಪಟ್ಟೆಯ ಕಾಡುಜೇನು, ದಪ್ಪ ಕಪ್ಪು ದುಂಬಿ ಹೂವನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಇದು ಬಾರದು. ಹೀಗಾಗಿ ಬಾಲ್ಕನಿಗೆ ಜೇನುಪೆಟ್ಟಿಗೆ ಬೇಕಿಲ್ಲ, ಇಂಥ ಅತಿಥಿಗಳು ಬಂದರೆ ಸಾಕು.

ಏನು ಮಾಡಬೇಕು?

* ತುಳಸಿ, ಕಾಮಕಸ್ತೂರಿ, ಕೊತ್ತಂಬರಿಯ ಒಂದೆರಡು ಗಿಡಗಳನ್ನು ಚಿವುಟದೆ ಹೂ ಬಿಡಲು ಬಿಡಿ. ಒಂದೇ ಜಾತಿಯ ನಾಲ್ಕಾರು ಗಿಡ ಒಟ್ಟಿಗಿದ್ದರೆ ಕೀಟಗಳಿಗೆ ಬೇಗ ಕಾಣುತ್ತದೆ.
* ಎಸಳು ಕಿಕ್ಕಿರಿದ ಹೂಗಳಿಗಿಂತ ಒಂದೇ ಸುತ್ತಿನ ಹೂಗಳನ್ನು ಆರಿಸಿ. ಅವುಗಳಲ್ಲಿ ಮಕರಂದ, ಪರಾಗ ಸುಲಭವಾಗಿ ಸಿಗುತ್ತದೆ.
* ತಟ್ಟೆಯಲ್ಲಿ ಕಲ್ಲುಗಳನ್ನಿಟ್ಟು, ಅವು ಮುಳುಗದಷ್ಟು ನೀರು ಹಾಕಿ. ಸೊಳ್ಳೆ ಬೆಳೆಯದಂತೆ ದಿನವೂ ಬದಲಿಸಿ.
* ಒಣ ಬಿದಿರಿನ ತುಂಡೊಂದನ್ನು ಮೂಲೆಯಲ್ಲಿ ಕಟ್ಟಿಡಿ. ಕಪ್ಪು ದುಂಬಿ ಅದರಲ್ಲಿ ಗೂಡು ಮಾಡಬಹುದು.

ಕರಿಬೇವಿನ ಹುಳ ಕೊಲ್ಲಬೇಡಿ

ಕರಿಬೇವು, ನಿಂಬೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳ, ಮುಂದೆ ಹಸಿರಾಗಿ ಕೊನೆಗೆ ಚಿಟ್ಟೆಯಾಗುತ್ತದೆ. ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಬ್ಲೂ ಮಾರ್ಮನ್ ಕೂಡ ನಿಂಬೆ ಜಾತಿಯ ಗಿಡದಲ್ಲೇ ಮೊಟ್ಟೆ ಇಡುತ್ತದೆ. ಒಗ್ಗರಣೆಗೆ ಬೇಕಾದಷ್ಟು ಎಲೆ ಕಿತ್ತುಕೊಂಡು, ಒಂದು ರೆಂಬೆಯನ್ನು ಹುಳಕ್ಕೆ ಬಿಡಿ.

ಔಷಧಿ ಸಿಂಪಡಿಸುವಾಗ ಎಚ್ಚರ

ಅರಳಿದ ಹೂವಿನ ಮೇಲೆ ಕೀಟನಾಶಕ ಬೇಡವೇ ಬೇಡ. ಇಮಿಡಾಕ್ಲೋಪ್ರಿಡ್ ಜೇನಿಗೆ ಅಪಾಯಕಾರಿ ಎಂದು ಐರೋಪ್ಯ ಒಕ್ಕೂಟ 2018ರಲ್ಲಿ ತೆರೆದ ಹೊಲಗಳಲ್ಲಿ ಅದರ ಬಳಕೆ ನಿಷೇಧಿಸಿದೆ. ಗಿಡಹೇನಿಗೆ ಮೊದಲು ನೀರಿನ ರಭಸ ಸಾಕು. ಬೇವಿನೆಣ್ಣೆಯಾದರೆ ಸಂಜೆ, ಹೂ ಬಿಟ್ಟು ಎಲೆಗೆ ಮಾತ್ರ ಹೊಡೆಯಿರಿ.

ಜೇನು ಬರುವವರೆಗೆ?

ಬೆಳಗ್ಗೆ ಹಾಗಲದ ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೀರೆ ಹೂ ಅರಳುವುದು ಸಂಜೆ, ಅದಕ್ಕೆ ಆಗಲೇ ಮಾಡಿ. ಟೊಮೆಟೊ ಹೂಗೊಂಚಲನ್ನು ಬೆರಳಿನಿಂದ ತಟ್ಟಿದರೆ ಸಾಕು.