ಸೂಡಿಯ ಸೀಮೆಯೂ ಜಕ್ಕಲಿಯ ಪಟವೂ

ರೋಣ ಸೀಮೆಯ ಸೂಡಿಯು ಇಂದು ಎರೆಯ ಹೊಲಗಳ ನಡುವೆ ಇರುವ ಒಂದು ಸಾಧಾರಣ ಗ್ರಾಮ. ಜೋಡುಕಳಸದ ಗುಡಿ, ಮಲ್ಲಿಕಾರ್ಜುನನ ಗುಡಿ, ನಾಗಕುಂಡವೆಂಬ ಮೆಟ್ಟಿಲ ಬಾವಿ, ಇವಿಷ್ಟೇ ಅದರ ಪೂರ್ವವೈಭವಕ್ಕೆ ಸಾಕ್ಷಿಯಾಗಿ ಉಳಿದಿರುವವು. ಆದರೆ ಕ್ರಿ. ಶ. 1010ರ ಸುಮಾರಿಗೆ ಚಾಲುಕ್ಯ ರಾಜಪುತ್ರಿಯಾದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳೆಂಬದು ಇಲ್ಲಿಯ ಶಾಸನದಿಂದ ತಿಳಿಯುವದು. ಗೋಕಾಗೆಯ ಕೋಟೆಯನ್ನು ಮುತ್ತಿದ ವೀರಾಂಗನೆಯೂ ಇವಳೇ. ಅರಸರ ಟಂಕಸಾಲೆಯೂ ಸೂಡಿಯಲ್ಲಿ ಇದ್ದಿತು.

ಕಿಸುಕಾಡು ಎಪ್ಪತ್ತು, ಬೆಳ್ವೊಲ ಮುನ್ನೂರು, ನರೆಯಂಗಲ್ಲು ಹನ್ನೆರಡು, ಹೀಗೆ ನಾಡನ್ನು ಸಂಖ್ಯೆಯಿಂದ ಕರೆಯುವದು ಆ ಕಾಲದ ಪದ್ಧತಿಯಾಗಿತ್ತು. ಈ ಸಂಖ್ಯೆಗಳು ಊರುಗಳ ಎಣಿಕೆಯೆಂದು ಅನೇಕ ವಿದ್ವಾಂಸರ ಮತವಿರುವದು. ದಾನ ಕೊಟ್ಟ ಹೊಲಕ್ಕೆ ಮೇರೆಯನ್ನು ಬರೆಯಬೇಕಾದಾಗ ನೆಟ್ಟ ಕಲ್ಲು, ಹಳ್ಳ, ಹುಣಿಸೆಯ ಮರ, ಕೆರೆಯ ಕೋಡಿ ಇವುಗಳನ್ನು ಹೇಳುತ್ತಿದ್ದರು. ಹೊಲಕ್ಕೆ ಮೇರೆಯಿತ್ತು, ಆದರೆ ನುಡಿಯೊಂದಾದ ಜನರ ನಡುವೆ ಮೇರೆಯನ್ನು ಎಳೆಯುವ ವಿಚಾರವು ಆ ಶಾಸನಕಾರರಿಗೆ ಹೊಳೆದಂತಿಲ್ಲ. 1112ರಲ್ಲಿ ಮಹಾದೇವ ದಂಡನಾಯಕನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯವನ್ನೂ ಸೂಡಿಯ ಗುಡಿಗಳನ್ನೂ ಕಂಡವರಿಗೆ ಇವು ಒಂದೇ ಪರಂಪರೆಯ ಶಿಲ್ಪಿಗಳ ಕೆಲಸವೆಂಬದು ಬೇರೆಯಾಗಿ ಹೇಳಬೇಕಾಗಿಲ್ಲ.

ಆ ಇಟಗಿಯು ಒಂದು ರಾಜ್ಯಕ್ಕೂ ಸೂಡಿಯು ಮತ್ತೊಂದು ರಾಜ್ಯಕ್ಕೂ ಸೇರಿದ್ದು ಹೇಗೆ? 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ರಾಜ್ಯದ ಅರ್ಧವು ಮರಾಠರು, ನಿಜಾಮ, ಕಂಪನಿ ಈ ಮೂವರಲ್ಲಿ ಹಂಚಿಹೋಯಿತು. 1818ರಲ್ಲಿ ಪೇಶವೆಯರ ರಾಜ್ಯವು ಅಳಿದು ಧಾರವಾಡ ಪ್ರಾಂತವು ಕಂಪನಿಯ ಕೈಸೇರಿತು. ಕೊಪ್ಪಳ, ಯಲಬುರ್ಗೆಗಳು ನಿಜಾಮನ ರಾಜ್ಯದಲ್ಲಿ ಸಾಲಾರಜಂಗರ ಜಹಗೀರಾಗಿ ಉಳಿದವು. ರೋಣ, ಗಜೇಂದ್ರಗಡಗಳ ಪೂರ್ವಕ್ಕೆ ಗೆರೆಯೊಂದು ಬಿದ್ದಿತು. ಆಂಗ್ಲರ ನಕಾಶೆಗಳಲ್ಲಿ ಈಚೆಗೆ ಕೆಂಪು, ಆಚೆಗೆ ಹಳದಿ. ಎಳೆದವರಾರೂ ಈ ಎರೆಯ ಭೂಮಿಯಲ್ಲಿ ಒಂದು ಮಳೆಗಾಲವನ್ನಾದರೂ ಕಳೆದವರಲ್ಲ.

1961ರಲ್ಲಿ ಎದ್ದು 1989ರಲ್ಲಿ ಬಿದ್ದ ಬರ್ಲಿನ್ ಪಟ್ಟಣದ ಗೋಡೆಯಂತಹ ಗೋಡೆಯನ್ನು ಇಲ್ಲಿ ಯಾರೂ ಕಟ್ಟಲಿಲ್ಲ. ಅದರ ಅವಶ್ಯಕತೆಯೂ ಇರಲಿಲ್ಲ. ಸುಂಕದ ನಾಕೆ, ಬೇರೆ ನಾಣ್ಯ, ಬೇರೆ ಕಚೇರಿಭಾಷೆ ಈ ಮೂರೇ ಸಾಕಾದವು. ಆಚೆ ಹಾಲಿ ರೂಪಾಯಿ, ಈಚೆ ಕಲ್ದಾರ; ಏಳು ಹಾಲಿಗೆ ಆರು ಕಲ್ದಾರವೆಂದು ಲೆಕ್ಕ. ಒಂದು ಕಾಲಕ್ಕೆ ತನ್ನಲ್ಲಿಯೇ ನಾಣ್ಯವನ್ನು ಅಚ್ಚುಹಾಕಿದ ಸೂಡಿಯ ಒಕ್ಕಲಿಗನು ಕುಕನೂರಿನ ಸಂತೆಗೆ ಹೋದರೆ ಸರಾಫನ ಮುಂದೆ ಕೂಡಬೇಕಾಯಿತು! ಆಚೆಯ ಕಚೇರಿ ಶಾಲೆಗಳಲ್ಲಿ ಉರ್ದು. ಈಚೆಯಲ್ಲಿ ಕಂಪನಿಯ ಆಳಿಕೆಯ ಮೊದಲ ದಶಕಗಳಲ್ಲಿ ಮರಾಠಿ, ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಪಟ್ಟ ಮೇಲೆ ಕನ್ನಡ. ಆದರೂ ಹೆಣ್ಣು ಕೊಟ್ಟು ತರುವ ಸಂಬಂಧಗಳು ನಿಲ್ಲಲಿಲ್ಲ. ಕಾಲಕಾಲೇಶ್ವರನ ಜಾತ್ರೆಗೆ ಆಚೆಯವರು ಬಂದರು, ಗವಿಸಿದ್ಧೇಶ್ವರನ ಜಾತ್ರೆಗೆ ಈಚೆಯವರು ಹೋದರು.

ಈ ಗೆರೆಯನ್ನು ಜನರು ತಮ್ಮ ಉಪಯೋಗಕ್ಕೂ ತಿರುಗಿಸಿಕೊಂಡದ್ದುಂಟು. 1858ರಲ್ಲಿ ಮುಂಡರಗಿಯ ಭೀಮರಾಯನು ಇಂಗ್ಲಿಷರ ಸೀಮೆಯಿಂದ ಹೊರಟು ಕೊಪ್ಪಳದ ಕೋಟೆಯನ್ನು ಹಿಡಿದು ಅಲ್ಲಿಯೇ ಹೋರಾಡಿ ಮಡಿದನು. ತೊಂಬತ್ತು ವರ್ಷಗಳ ತರುವಾಯ, ರಜಾಕಾರರ ಉಪದ್ರವವು ಮಿತಿಮೀರಿದಾಗ, ಪ್ರವಾಹವು ತಿರುಗಿ ಹರಿಯಿತು. ಆಚೆಯ ಊರುಗಳ ಜನರು ಮುಂಡರಗಿ, ಗಜೇಂದ್ರಗಡಗಳಿಗೆ ಬಂದು ಸೇರಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳಾಗಿದ್ದರು. 1948ರ ಸಪ್ಟಂಬರ 17ರಂದು ನಿಜಾಮನು ಶರಣಾದನು. ಅರಸೊತ್ತಿಗೆಯು ಹೋಯಿತು, ಗೆರೆಯು ಹೋಗಲಿಲ್ಲ. ಹೈದರಾಬಾದು ಒಂದು ರಾಜ್ಯವಾಗಿಯೂ ಮುಂಬಯಿ ಮತ್ತೊಂದಾಗಿಯೂ ಉಳಿದವು. ಅದೇ ವರ್ಷದ ಡಿಸೆಂಬರದಲ್ಲಿ ಧರ ಆಯೋಗವು ಭಾಷಾವಾರು ಪ್ರಾಂತಗಳು ಈಗ ಬೇಡವೆಂದು ವರದಿಯನ್ನು ಕೊಟ್ಟಿತು.

ಸೂಡಿಗೆ ಸಮೀಪದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಸಂಗತಿಯು ಇಲ್ಲಿ ಬರುವದು. ಅವರು 1947ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತವಾಗಬೇಕೆಂಬ ಗೊತ್ತುವಳಿಯನ್ನು ಮಂಡಿಸಿದವರು. ಗೊತ್ತುವಳಿಗಳಿಂದ ಕೆಲಸವು ಸಾಗದಿರಲು ಅವರು ಮತ್ತೊಂದು ಮಾರ್ಗವನ್ನೂ ಹಿಡಿದರು. ಕಲಾವಿದ ಸಿ. ಎನ್. ಪಾಟೀಲರಿಂದ ಒಂದು ಚಿತ್ರವನ್ನು ಬರೆಯಿಸಿದರು. ಕನ್ನಡನಾಡಿನ ನಕಾಶೆಯಲ್ಲಿ ತಾಯಿ ಭುವನೇಶ್ವರಿ! ಅದು ಜಕ್ಕಲಿಯ ಅವರ ಮನೆಯಲ್ಲಿ ಪೂಜೆಗೊಳ್ಳುತ್ತ ಬಂದಿರುವದು.

ಪಟದ ವರ್ಣವಿನ್ಯಾಸವನ್ನು ಕಲಾಮರ್ಮಜ್ಞರು ವಿಚಾರಿಸಲಿ. ಇತಿಹಾಸದ ಕಣ್ಣಿಗೆ ಬೀಳುವದು ಅದರ ಕಾಲ. ಅದು ಸಿದ್ಧವಾದದ್ದು 1953ರ ಜನವರಿಯಲ್ಲಿ. ಅದಕ್ಕೆ ಹಿಂದಿನ ತಿಂಗಳಷ್ಟೇ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣಬಿಟ್ಟಿದ್ದರು. ಆಂಧ್ರರಾಜ್ಯವು ಆಗುವದೆಂದು ಪ್ರಧಾನಿ ನೆಹರೂ ಅವರು ಸಾರಿದ್ದರು. ಕನ್ನಡಿಗರಿಗೆ ಅಂತಹ ಯಾವ ವಚನವೂ ದೊರೆತಿರಲಿಲ್ಲ. ಬಳ್ಳಾರಿಯು ಇನ್ನೂ ಮದ್ರಾಸಿನಲ್ಲಿತ್ತು. ಆ ತಿಂಗಳಲ್ಲಿ ಯಾವ ಸರಕಾರದ ಕಚೇರಿಯನ್ನು ಹುಡುಕಿದರೂ ಇಂತಹ ನಕಾಶೆಯೊಂದು ಸಿಗುತ್ತಿರಲಿಲ್ಲ, ಏಕೆಂದರೆ ಅಂತಹ ರಾಜ್ಯವೇ ಇರಲಿಲ್ಲ. ಮೋಜಣಿದಾರನು ಇದ್ದುದನ್ನು ಅಳೆದು ಬರೆಯುವನು. ಪಾಟೀಲರು ಇಲ್ಲದುದನ್ನು ಬರೆದರು. ನಕಾಶೆಯನ್ನು ಕಾಗದಪತ್ರಗಳ ಕಪಾಟಿನಿಂದ ಎತ್ತಿ ದೇವರಮನೆಗೆ ತಂದುದರಲ್ಲಿ ಒಂದು ಜಾಣ್ಮೆಯೂ ಇತ್ತು. ಕೆಂಪು ಹಳದಿಗಳ ನಕಾಶೆಯನ್ನು ಓದಲಾರದ ರೈತನೂ ದೇವಿಯ ಮೈಯನ್ನು ಐದು ತುಂಡಾಗಿ ಕಾಣಲಾರನಷ್ಟೆ! ಪ್ಯಾಲೆಸ್ತೀನಿನಲ್ಲಿ 2002ರಿಂದ ಏಳುತ್ತ ಬಂದ ಗೋಡೆಯ ಮೈಮೇಲೆ ಚಿತ್ರಕಾರರು ಬಣ್ಣವನ್ನು ಬಳಿಯುವದೂ, ಗಣಕಯಂತ್ರದ ನಕಾಶೆಯನ್ನೇ ಚಿತ್ರಪಟವನ್ನಾಗಿ ಮಾಡಿಕೊಳ್ಳುವ ಇಂದಿನ ಕಲಾವಿದರ ಯತ್ನವೂ ಈ ಜಾತಿಯವೇ. ದೇವಿಗೆ ಹೂವೇರಿಸುವ ಪದ್ಧತಿಯು ಮಾತ್ರ ಅಲ್ಲಿರದು.

ಆ ವರ್ಷವು ಶಾಂತವಾಗಿ ಕಳೆಯಲಿಲ್ಲ. ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸವನ್ನು ಹೂಡಿದರು. ಏಪ್ರಿಲ 19ರಂದು ಹುಬ್ಬಳ್ಳಿಯಲ್ಲಿ ಜನರು ಕೆರಳಿ ದೊಂಬಿಯಾಯಿತು. ದೊಡ್ಡಮೇಟಿಯವರು ಶಾಸನಸಭೆಯ ಸದಸ್ಯತ್ವವನ್ನು ತ್ಯಜಿಸಿದರು. ಅಕ್ಟೋಬರದಲ್ಲಿ ಬಳ್ಳಾರಿಯ ಬಹುಭಾಗವು ಮೈಸೂರನ್ನು ಸೇರಿತು. ಡಿಸೆಂಬರದಲ್ಲಿ ಫಜಲ್ ಅಲಿ ಆಯೋಗವು ನೇಮಕವಾಯಿತು. 1956ರ ನವಂಬರ 1ರಂದು ರೋಣವೂ ಯಲಬುರ್ಗೆಯೂ ಒಂದೇ ರಾಜ್ಯದಲ್ಲಿ ಕೂಡಿದವು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಮಡಕಶಿರಾಗಳ ಕನ್ನಡಿಗರು ಹೊರಗೇ ಉಳಿದರು.

ಕೂಡಿದ ಮೇಲೆ ಹಳೆಯ ಗೆರೆಯು ಅಳಿಯಿತೇ? ನಿಜಾಮನ ಸೀಮೆಯಲ್ಲಿ ಕನ್ನಡ ಶಾಲೆಗಳು ವಿರಳವಾಗಿದ್ದುದರಿಂದ ಆಚೆಯವರು ವಿದ್ಯೆಯಲ್ಲಿಯೂ ನೌಕರಿಯಲ್ಲಿಯೂ ಹಿಂದೆ ಬಿದ್ದಿದ್ದರು. ಅದು ಒಂದು ತಲೆಮಾರಿನಲ್ಲಿ ಸರಿಹೋಗುವ ಕೊರತೆಯಾಗಿರಲಿಲ್ಲ. ಅದರ ಪರಿಹಾರಕ್ಕಾಗಿ 2012ರ ಡಿಸೆಂಬರದಲ್ಲಿ ಸಂಸತ್ತು ಸಂವಿಧಾನಕ್ಕೆ 371-ಜೆ ಎಂಬ ಅನುಚ್ಛೇದವನ್ನು ಕೂಡಿಸಿತು. ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆಯಿತು. ಇದು ನ್ಯಾಯವಾದದ್ದೇ. ಆದರೆ ಆ ನ್ಯಾಯವನ್ನು ಈ ಭಾಗದಲ್ಲಿ ಅಳೆದು ಕೊಟ್ಟ ಕೋಲು 1818ರದೇ. ಒಂದೇ ಹಳ್ಳದ ಈಚೆ ದಂಡೆಯ ಹುಡುಗನಿಗೂ ಆಚೆ ದಂಡೆಯ ಹುಡುಗನಿಗೂ ಒಂದೇ ಎರೆ, ಒಂದೇ ಬರ, ಒಂದೇ ಜೋಳ. ಪ್ರಮಾಣಪತ್ರವು ಮಾತ್ರ ಒಬ್ಬನಿಗೆ. ಅಕ್ಕನನ್ನು ಯಲಬುರ್ಗೆಗೆ ಕೊಟ್ಟು ತಂಗಿಯನ್ನು ಸೂಡಿಯಲ್ಲಿಯೇ ಕೊಟ್ಟ ಮನೆಗಳಲ್ಲಿ ಇದು ನಿತ್ಯದ ಮಾತು. ಕುಕನೂರಿನ ಕಡೆಗೆ ಹೊರಟ ಗಾಡಿಯನ್ನು ತಡೆಯಲು ಈಗ ನಾಕೆಯಿಲ್ಲ, ಹಾಲಿ ರೂಪಾಯಿಯನ್ನು ಎಣಿಸುವ ಸರಾಫನಿಲ್ಲ. ಕಾಲೇಜಿಗೆ ಅರ್ಜಿಯನ್ನು ಬರೆಯುವ ದಿನ ಅಕ್ಕನ ಮಗನು ಒಂದು ಕಾಗದವನ್ನು ಜೊತೆಗೆ ಇಡುವನು. ತಂಗಿಯ ಮಗನ ಬಳಿ ಅದು ಇರುವದಿಲ್ಲ.