ಮತಗಟ್ಟೆಯ ಲೆಕ್ಕ: ಹೈದರಾಬಾದಿಗೊಂದು ಚುನಾವಣಾ ದತ್ತಾಂಶ ಭಂಡಾರ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಬೀದರ್, ಗುಲ್ಬರ್ಗ (ಇಂದಿನ ಕಲಬುರಗಿ), ರಾಯಚೂರಿನ ಮತದಾರರು ಶಾಸಕರನ್ನು ಆರಿಸಿ ಕಳಿಸಿದ್ದು ಬೆಂಗಳೂರಿಗಲ್ಲ, ಹೈದರಾಬಾದಿಗೆ. ಆ ವಿಧಾನಸಭೆಯ 175 ಸ್ಥಾನಗಳು 142 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು. 33 ಕ್ಷೇತ್ರಗಳಿಂದ ತಲಾ ಇಬ್ಬರು ಆಯ್ಕೆಯಾಗುತ್ತಿದ್ದರು. ಹಳೆ ಮೈಸೂರಿನ ಅಂಕಿಗಳನ್ನಷ್ಟೇ ಹಿಡಿದು ಬರೆದ ಕರ್ನಾಟಕದ ಚುನಾವಣಾ ಚರಿತ್ರೆ ಅರೆಬರೆಯೇ ಸರಿ.

ರಾಜ್ಯಮಟ್ಟದ ಸಾರ್ವಜನಿಕ ಭಂಡಾರವೆಂದರೆ ಅಂಕಿಗಳನ್ನು ಗುಡ್ಡೆ ಹಾಕುವುದಲ್ಲ, ಬೆಸೆಯುವುದು. ಕೊಡಂಗಲ್ ನೋಡಿ. 1956ರ ರಾಜ್ಯಗಳ ಪುನರ್ವಿಂಗಡಣೆಯವರೆಗೆ ಅದು ಗುಲ್ಬರ್ಗ ಜಿಲ್ಲೆಯ ತಾಲ್ಲೂಕು. ಗುಲ್ಬರ್ಗ ಮೈಸೂರಿಗೆ ಬಂತು. ಕೊಡಂಗಲ್, ತಾಂಡೂರು ಆಂಧ್ರಪ್ರದೇಶದ ಪಾಲಾದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ಆ ವರ್ಷದ ಮತದಾನ ಏಪ್ರಿಲ್ 30ರಂದೇ ಮುಗಿದಿದ್ದರಿಂದ ತೆಲಂಗಾಣದ 119 ಕ್ಷೇತ್ರಗಳ ಫಲಿತಾಂಶ ದಾಖಲಾಗಿರುವುದು ಆಂಧ್ರಪ್ರದೇಶದ ಹೆಸರಿನಲ್ಲಿ. 2023ರಲ್ಲಿ ಕೊಡಂಗಲ್‌ನಿಂದ ಗೆದ್ದು ಮುಖ್ಯಮಂತ್ರಿಯಾದ ರೇವಂತ್ ರೆಡ್ಡಿಯವರ ಕ್ಷೇತ್ರದ ಹಿನ್ನೆಲೆ ಹುಡುಕುವವರು ಮೂರು ರಾಜ್ಯಗಳ ಕಡತ ತಿರುವಬೇಕು.

ಹೈದರಾಬಾದ್ ನಗರದೊಳಗಿನ ತೊಡಕು ಬೇರೆ ತರಹದ್ದು. ವಿಧಾನಸಭೆ, ಲೋಕಸಭೆ ಚುನಾವಣೆಗಳು ಭಾರತ ಚುನಾವಣಾ ಆಯೋಗದ ಹೊಣೆ. ಮಹಾನಗರ ಪಾಲಿಕೆಯದು ರಾಜ್ಯ ಚುನಾವಣಾ ಆಯೋಗದ್ದು. 2020ರ ಡಿಸೆಂಬರ್‌ನಲ್ಲಿ ಪಾಲಿಕೆಯ 150 ವಾರ್ಡುಗಳಿಗೆ ಮತಪತ್ರದಲ್ಲಿ ಮತದಾನ ನಡೆಯಿತು. 2023ರ ವಿಧಾನಸಭಾ ಚುನಾವಣೆಗೆ ಮತಯಂತ್ರ. ಆಯೋಗಗಳು ಬೇರೆಯಾದ್ದರಿಂದ ಒಂದೇ ಶಾಲೆಯ ಒಂದೇ ಕೊಠಡಿ ಎರಡು ದಾಖಲೆಗಳಲ್ಲಿ ಎರಡು ಸಂಖ್ಯೆ ಹೊತ್ತಿರಬಹುದು.

ಮೂಲದಾಖಲೆ ಫಾರಂ 20. ಸಾಲಿಗೊಂದು ಮತಗಟ್ಟೆ, ಕಂಬಸಾಲಿಗೊಬ್ಬ ಅಭ್ಯರ್ಥಿ, ಕೊನೆಗೆ ನೋಟಾ ಮತ್ತು ಮೊತ್ತ. ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿ ಸಿಕ್ಕರೆ ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೆ ಒದಗುವುದಿಲ್ಲ. ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರ ಕ್ಷೇತ್ರಮಟ್ಟದ ಫಲಿತಾಂಶಗಳನ್ನು ಅಚ್ಚುಕಟ್ಟಾಗಿ ಕೊಟ್ಟಿದೆ. ಮತಗಟ್ಟೆ ಮಟ್ಟದ ಕೆಲಸ ರಾಜ್ಯದಲ್ಲೇ ಆಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಭಂಡಾರವನ್ನು ಬರ್ಕ್‌ಲಿಯ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ.

ಮತಗಟ್ಟೆವಾರು ಅಂಕಿ ಬಯಲಾದರೆ ಯಾವ ಕೇರಿ ಯಾರಿಗೆ ಮತ ಹಾಕಿತೆಂದು ತಿಳಿದು, ಸೋತವರು ಸೇಡು ತೀರಿಸಿಕೊಳ್ಳಬಹುದೆಂಬ ಆತಂಕವಿದೆ. ಆತಂಕ ನಿಜವೇ. ಆದರೆ ಅದೇ ಅಂಕಿ ಪಕ್ಷಗಳ ಕೈಯಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ಸಂಶೋಧಕರ ಬಳಿ. ಈ ಆತಂಕಕ್ಕೆ ಪರಿಹಾರವಾಗಿ, ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರನ್ನು ಕಾನೂನು ಆಯೋಗದ 255ನೇ ವರದಿ (2015) ಶಿಫಾರಸು ಮಾಡಿತ್ತು. ಅದು ಜಾರಿಯಾದರೆ ಭಂಡಾರದ ಮೂಲಘಟಕ ಮತಗಟ್ಟೆಯ ಬದಲು ಮತಗಟ್ಟೆಗಳ ಗುಂಪಾಗುತ್ತದೆ. ಮತಗಟ್ಟೆಗಳಿಗೆ ಸಂಕೇತಸಂಖ್ಯೆ ರೂಪಿಸುವಾಗಲೇ ಇದಕ್ಕೆ ಜಾಗ ಬಿಡಬೇಕು.

ತೆಲಂಗಾಣದಲ್ಲಿ ಎರಡೂ ಚುನಾವಣಾ ವ್ಯವಸ್ಥೆಗಳು ಮೊದಲು ಒಂದೇ ಮತಗಟ್ಟೆ ಸಂಕೇತಕ್ಕೆ ಒಪ್ಪಲಿ. 1952ರ ಹೈದರಾಬಾದ್ ದಾಖಲೆಗಳನ್ನು ಅದಕ್ಕೆ ಜೋಡಿಸುವ ಕೆಲಸದಲ್ಲಿ ಕಲಬುರಗಿಯ ವಿಶ್ವವಿದ್ಯಾಲಯಗಳೂ ಕೈಜೋಡಿಸಲಿ.