ಪೈ ಚಿಹ್ನೆಯೂ ‘ೞ’ ಅಕ್ಷರವೂ

ವಿದ್ಯಾರ್ಥಿಗಳೇ, ಗಣಿತದ ‘ಪೈ’ ಚಿಹ್ನೆಗೂ ಹಳಗನ್ನಡದ ‘ಏೞು’ ಪದದಲ್ಲಿರುವ ‘ೞ’ ಅಕ್ಷರಕ್ಕೂ ಸಾಮಾನ್ಯ ಕೀಲಿಮಣೆಯಲ್ಲಿ ಕೀಲಿಯಿಲ್ಲ. ಮೇಲೂರು ಸೇರಿರುವ ಶಿಡ್ಲಘಟ್ಟ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಸಂಪುಟದಲ್ಲಿ ಪ್ರಕಟಿಸಿದರು. ಆಗ ಅಚ್ಚುಮೊಳೆಗಳ ಕಾಲ; ಮೊಳೆಯಿದ್ದರೆ ಅಕ್ಷರವುಂಟು, ಇಲ್ಲದಿದ್ದರೆ ಇಲ್ಲ.

1985ರಲ್ಲಿ ಪೇಜ್‌ಮೇಕರ್ ತಂತ್ರಾಂಶ ಬಂದಿತು. ಡಿ.ಟಿ.ಪಿ. ಕೆಲಸದವರು ‘ಸಿಂಬಲ್’ ಎಂಬ ಫಾಂಟನ್ನು ಆರಿಸಿಕೊಂಡು ಇಂಗ್ಲಿಷಿನ ‘ಪಿ’ ಒತ್ತಿದರೆ ಪೈ, ‘ಕ್ಯೂ’ ಒತ್ತಿದರೆ ಥೀಟಾ ಮೂಡುತ್ತಿತ್ತು. ವಿಂಡೋಸ್‌ನಲ್ಲಿ ಆಲ್ಟ್ ಕೀಲಿ ಹಿಡಿದು 0176 ಒತ್ತಿದರೆ ಡಿಗ್ರಿ ಚಿಹ್ನೆ. ಆದರೆ ಕಡತದೊಳಗೆ ಉಳಿಯುತ್ತಿದ್ದುದು ‘ಪಿ’ಯೇ, ಪೈ ಅದು ತೊಟ್ಟ ವೇಷ ಮಾತ್ರ. ಫಾಂಟು ಬದಲಾಯಿತೋ, ವೇಷ ಕಳಚಿತು! ಪ್ರಶ್ನೆಪತ್ರಿಕೆಯಲ್ಲಿ ಹೀಗಾದರೆ ಲೆಕ್ಕದ ಗತಿಯೇನು, ನೀವೇ ಯೋಚಿಸಿರಿ. ಅಂದಿನ ಕನ್ನಡ ಫಾಂಟುಗಳ ಪಾಡೂ ಇದೇ. ಒಂದರಲ್ಲಿ ಜೋಡಿಸಿದ ಪುಟ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗುತ್ತಿತ್ತು.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಕ್ರಮ ತಂದಿತು. ಅದರಲ್ಲಿ ಪೈಗೆ 960, ‘ೞ’ಕ್ಕೆ 3294. ಒಂದು ತಮಾಷೆಯೆಂದರೆ, ‘ೞ’ಕ್ಕೆ ಅಲ್ಲಿ ಕಣ್ತಪ್ಪಿನಿಂದ ‘ಫ’ ಎಂಬ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಇಂದಿಗೂ ಹಾಗೆಯೇ ಇದೆ.